ಬಿಥೋವನ್ ಬರೆಯದ ವಾದ್ಯಕ್ಕೊಂದು ಜಾತ್ರೆ

ಬಿಥೋವನ್ ಸ್ಯಾಕ್ಸೋಫೋನಿಗಾಗಿ ಒಂದು ಸ್ವರವನ್ನೂ ಬರೆದಿಲ್ಲ. ಬರೆಯುವುದಾದರೂ ಹೇಗೆ? 1827ರಲ್ಲಿ ಅವನು ತೀರಿಕೊಂಡಾಗ, ಮುಂದೆ ಆ ವಾದ್ಯವನ್ನು ಹುಟ್ಟಿಸಬೇಕಿದ್ದ ಅಡಾಲ್ಫ್ ಸ್ಯಾಕ್ಸ್ ಬ್ರಸೆಲ್ಸ್‌ನಲ್ಲಿ ಅಪ್ಪನ ವಾದ್ಯ ಕಾರ್ಖಾನೆಯ ಸುತ್ತ ಬೆಳೆಯುತ್ತಿದ್ದ ಹನ್ನೆರಡರ ಹುಡುಗ. ಮೊಜಾರ್ಟ್, ಹೇಡನ್, ಶೂಬರ್ಟ್ ಯಾರ ಕಾಲಕ್ಕೂ ಅದು ಒದಗಲಿಲ್ಲ. ಪಿಟೀಲು ಹಿಡಿದವರಿಗೆ ಶತಮಾನಗಳ ಕೃತಿಗಳು ಪಿತ್ರಾರ್ಜಿತವಾಗಿ ಬರುತ್ತವೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿಯುತ್ತೇನೆಂದು ಸ್ಯಾಕ್ಸೋಫೋನ್ ಎತ್ತಿಕೊಂಡವರಿಗೆ ಆ ಆಸ್ತಿಯಿಲ್ಲ. ಸಿಂಫನಿ ಆರ್ಕೆಸ್ಟ್ರಾದಲ್ಲಿ ಕಾಯಂ ಕುರ್ಚಿಯೂ ಇಲ್ಲ. ರಾವೆಲ್‌ನ ‘ಬೊಲೆರೋ’ ಇರುವ ದಿನ ಕರೆ ಬರುತ್ತದೆ. ಮರುದಿನ ಬ್ರಾಹ್ಮ್ಸ್ ಇದ್ದರೆ ಮನೆಯಲ್ಲೇ ಇರಬೇಕು.

ಹೀಗೆ ಮನೆಯಲ್ಲಿ ಉಳಿದವರೆಲ್ಲ ಕೆಲವು ವರ್ಷಗಳಿಗೊಮ್ಮೆ ಒಂದೂರಿನಲ್ಲಿ ಸೇರುತ್ತಾರೆ. ವಿಶ್ವ ಸ್ಯಾಕ್ಸೋಫೋನ್ ಕಾಂಗ್ರೆಸ್ ಎಂಬ ಈ ಮೇಳ ಶುರುವಾದದ್ದು 1969ರ ಡಿಸೆಂಬರಿನಲ್ಲಿ, ಅಮೆರಿಕದ ಶಿಕಾಗೋದಲ್ಲಿ. ಜಾಝ್ ಕೇಳಲು ಅಲ್ಲಿಗೆ ಹೋದವರಿಗೆ ನಿರಾಸೆಯೇ ಹೆಚ್ಚು. ಇಲ್ಲಿ ಮುಖ್ಯ ಮಾತು ಸೊನಾಟಾ, ಕಾನ್ಚೆರ್ಟೊ, ಕ್ವಾರ್ಟೆಟ್‌ಗಳದ್ದು.

ವಾದ್ಯದ ಹಿನ್ನೆಲೆಯನ್ನು ಸ್ವಲ್ಪ ತಿಳಿದರೆ ಈ ಮೇಳದ ಹಟ ಅರ್ಥವಾಗುತ್ತದೆ. ಬೆಲ್ಜಿಯಂನ ಡಿನಾಂ ಊರಿನಲ್ಲಿ 1814ರಲ್ಲಿ ಹುಟ್ಟಿದ ಸ್ಯಾಕ್ಸ್ ಪ್ಯಾರಿಸ್‌ಗೆ ಹೋಗಿ ನೆಲೆಸಿ, 1846ರಲ್ಲಿ ತನ್ನ ಹೊಸ ವಾದ್ಯಕ್ಕೆ ಪೇಟೆಂಟ್ ಪಡೆದ. ಮೈಯೆಲ್ಲ ಹಿತ್ತಾಳೆ, ಬಾಯಿಗೆ ಹಿಡಿಯುವಲ್ಲಿ ಮಾತ್ರ ಕ್ಲಾರಿನೆಟ್‌ನಂತೆ ಲಾಳದ ಕಡ್ಡಿಯಿಂದ ಸೀಳಿದ ಒಂಟಿ ರೀಡ್. ಶಬ್ದ ಹುಟ್ಟುವುದು ರೀಡ್‌ನಿಂದಾದ್ದರಿಂದ ಹಿತ್ತಾಳೆಯ ಈ ವಾದ್ಯವನ್ನು ಇವತ್ತಿಗೂ ಮರದ ವಾದ್ಯಗಳ ಗುಂಪಿಗೇ ಸೇರಿಸುತ್ತಾರೆ. ಒಳಗಿನ ಕೊಳವೆ ಬಾಯಿಯಿಂದ ಕೆಳಕ್ಕೆ ಅಗಲವಾಗುತ್ತ ಹೋಗುತ್ತದೆ. ಹಾಗಾಗಿ ಮೇಲಿನ ಸ್ಥಾಯಿಯ ಕೀಲಿ ಒತ್ತಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ. ಉದ್ದಕ್ಕೂ ಒಂದೇ ಅಗಲವಿರುವ ಕ್ಲಾರಿನೆಟ್‌ನಲ್ಲಿ ಆ ಅನುಕೂಲವಿಲ್ಲ.

ಸ್ಯಾಕ್ಸ್ ಎರಡು ಕುಟುಂಬಗಳನ್ನು ಯೋಜಿಸಿದ್ದ, ಒಂದು ಸೈನಿಕ ಬ್ಯಾಂಡಿಗೆ, ಇನ್ನೊಂದು ಆರ್ಕೆಸ್ಟ್ರಾಕ್ಕೆ. ಉಳಿದು ಬೆಳೆದದ್ದು ಬ್ಯಾಂಡಿನದು. ಆರ್ಕೆಸ್ಟ್ರಾದ್ದು ಹೆಚ್ಚುಕಡಿಮೆ ನಾಮಾವಶೇಷವಾಯಿತು. ಬರ್ಲಿಯೋಜ್‌ನಂಥ ದೊಡ್ಡ ಸಂಯೋಜಕ 1842ರಷ್ಟು ಹಿಂದೆಯೇ ಪತ್ರಿಕೆಯಲ್ಲಿ ಈ ವಾದ್ಯವನ್ನು ಹೊಗಳಿ ಬರೆದಿದ್ದ. ಆದರೆ ತನ್ನ ದೊಡ್ಡ ಕೃತಿಗಳಲ್ಲಿ ಅದಕ್ಕೆ ಜಾಗ ಕೊಡಲಿಲ್ಲ. ಹೊಗಳಿಕೆಗೆ ಖರ್ಚಿಲ್ಲವಲ್ಲ! ಎದುರಾಳಿ ವಾದ್ಯ ತಯಾರಕರು ಸ್ಯಾಕ್ಸ್‌ನನ್ನು ಕೋರ್ಟಿಗೆ ಎಳೆದರು. ಆತ ಮೂರು ಸಲ ದಿವಾಳಿಯಾದ. ಪ್ಯಾರಿಸ್ ಕನ್ಸರ್ವೇಟರಿಯಲ್ಲಿ 1857ರಲ್ಲಿ ಅವನೇ ಆರಂಭಿಸಿದ ಸ್ಯಾಕ್ಸೋಫೋನ್ ತರಗತಿ 1870ರ ಪ್ರಷ್ಯಾ ಯುದ್ಧದ ಹೊತ್ತಿಗೆ ಮುಚ್ಚಿತು. ಮತ್ತೆ ಅದರ ಬಾಗಿಲು ತೆರೆದದ್ದು 1942ರಲ್ಲಿ. ನಡುವಿನ 72 ವರ್ಷ ಈ ವಾದ್ಯಕ್ಕೆ ಅಲ್ಲಿ ಗುರುಪೀಠವೇ ಇರಲಿಲ್ಲ.

ಆ ಅವಧಿಯಲ್ಲಿ ವಾದ್ಯ ಉಳಿದದ್ದು ಹಟಮಾರಿಗಳಿಂದ. ಬಾಸ್ಟನ್‌ನ ಶ್ರೀಮಂತ ಮಹಿಳೆ ಎಲೀಸ್ ಹಾಲ್ ಅವರಲ್ಲೊಬ್ಬಳು. ಕಿವಿ ಮಂದವಾಗುತ್ತಿದ್ದಾಗ ವೈದ್ಯರ ಸಲಹೆಯ ಮೇಲೆ ಸ್ಯಾಕ್ಸೋಫೋನ್ ಕಲಿತಳೆನ್ನುತ್ತಾರೆ. ಕಲಿತ ಮೇಲೆ ನುಡಿಸಲು ಕೃತಿ ಬೇಕು, ಕೃತಿಗಳೇ ಇಲ್ಲ. ಕೈಯಲ್ಲಿ ಹಣವಿತ್ತು, ಸಂಯೋಜಕರಿಂದ ಬರೆಸತೊಡಗಿದಳು. ಡೆಬ್ಯುಸಿಗೂ ದುಡ್ಡು ಕೊಟ್ಟಳು. ದುಡ್ಡು ಖರ್ಚಾಯಿತು, ಕೃತಿ ಮುಂದೆ ಹೋಗಲಿಲ್ಲ. ಆತ ವರ್ಷಗಟ್ಟಲೆ ಸತಾಯಿಸಿದ. ಕೊನೆಗೆ ಅವನು ಬಿಟ್ಟುಹೋದ ಕರಡಿಗೆ ಬೇರೊಬ್ಬರು ಆರ್ಕೆಸ್ಟ್ರಾ ತುಂಬಿ, ಅದು ಮೊದಲ ಸಲ ಕೇಳಿಸಿದ್ದು 1919ರಲ್ಲಿ, ಡೆಬ್ಯುಸಿ ಸತ್ತ ಮರುವರ್ಷ.

ಆಮೇಲೆ ಬಂದವರು ಇಬ್ಬರು ದಿಗ್ಗಜರು. ಫ್ರಾನ್ಸಿನ ಮಾರ್ಸೆಲ್ ಮ್ಯೂಲ್, ಜರ್ಮನಿಯಲ್ಲಿ ಹುಟ್ಟಿ ಕಡೆಗೆ ಅಮೆರಿಕ ಸೇರಿದ ಸಿಗುರ್ಡ್ ರಾಶರ್. ಇಬ್ಬರೂ ತೀರಿಕೊಂಡದ್ದು 2001ರಲ್ಲೇ. ನಾದದ ವಿಷಯದಲ್ಲಿ ಮಾತ್ರ ಇಬ್ಬರದೂ ಬೇರೆ ಬೇರೆ ದಾರಿ. ಮ್ಯೂಲ್ ಹಾಡುಗಾರನ ಕೊರಳಿನಂತೆ ಸ್ವರವನ್ನು ಅಲುಗಿಸುತ್ತಿದ್ದ. ರಾಶರ್, ಸ್ಯಾಕ್ಸ್ ಮಾಡಿದ ಮೂಲ ಮೌತ್‌ಪೀಸ್‌ನ ಅಗಲವಾದ ಒಳಗೂಡೇ ಬೇಕೆಂದು ಪಟ್ಟು ಹಿಡಿದ. ವಾದ್ಯದ ಮಾಮೂಲಿ ಎಲ್ಲೆ ಮುಗಿದ ಮೇಲೂ ತುಟಿ ಮತ್ತು ಗಂಟಲಿನ ಹಿಡಿತದಿಂದ ಸ್ವರ ಏರಿಸುತ್ತ ಹೋಗುವ ವಿದ್ಯೆಯಲ್ಲಿ ರಾಶರ್‌ನನ್ನು ಮೀರಿಸುವವರಿರಲಿಲ್ಲ. ಅವನ ಬೆನ್ನುಹತ್ತುವಿಕೆಯಿಂದಲೇ ಗ್ಲಜುನೋವ್‌ನ ಕಾನ್ಚೆರ್ಟೊ (1934) ಹುಟ್ಟಿತು. ಇಬೇರ್‌ನ ‘ಕಾನ್ಚೆರ್ಟಿನೊ ದ ಕಾಮೆರಾ’ (1935) ಕೂಡ ಅವನಿಗೇ ಅರ್ಪಿತ. 1942ರಲ್ಲಿ ಪ್ಯಾರಿಸ್‌ನ ಆ ತರಗತಿಗೆ ಗುರುವಾಗಿ ಬಂದವನು ಮ್ಯೂಲ್. ಕಾಂಗ್ರೆಸ್ ಕಟ್ಟಿದ ಕೆನಡಾದ ಪಾಲ್ ಬ್ರೋಡಿ, ಅಮೆರಿಕದ ಯೂಜೀನ್ ರೂಸೋ ಇಬ್ಬರೂ ಪ್ಯಾರಿಸ್‌ಗೆ ಹೋಗಿ ಮ್ಯೂಲ್‌ನ ಬಳಿ ಕಲಿತವರು.

ಶಿಕಾಗೋ ಆದ ಮೇಲೆ ಮೇಳ ಊರೂರು ಸುತ್ತಿತು. 1972ರಲ್ಲಿ ಟೊರಾಂಟೊ, 1974ರಲ್ಲಿ ಬೋರ್ಡೊ, 1988ರಲ್ಲಿ ಜಪಾನಿನ ಕಾವಾಸಾಕಿ, 2000ದಲ್ಲಿ ಮಾಂಟ್ರಿಯಲ್, 2003ರಲ್ಲಿ ಮಿನಿಯಾಪೊಲಿಸ್, 2006ರಲ್ಲಿ ಲುಬ್ಲಿಯಾನ. 2009ರಲ್ಲಿ ಬ್ಯಾಂಕಾಕ್, ಅಲ್ಲಿನ ಆಗಿನ ದೊರೆ ಭೂಮಿಬೋಲ್ ಸ್ವತಃ ಸ್ಯಾಕ್ಸೋಫೋನ್ ಊದುತ್ತಿದ್ದವನು, ಆದರೆ ಜಾಝ್ ಪಂಗಡದವನು! 2012ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್, 2015ರಲ್ಲಿ ಸ್ಟ್ರಾಸ್‌ಬರ್ಗ್, 2018ರಲ್ಲಿ ಜಾಗ್ರೆಬ್. ಒಂದೊಂದು ಸಲ ಒಂದೊಂದು ಊರಿನ ವಾದಕರೋ ವಿಶ್ವವಿದ್ಯಾಲಯದವರೋ ಹೊಣೆ ಹೊರುತ್ತಾರೆ. ನಾಲ್ಕೈದು ದಿನ, ಬೆಳಗ್ಗೆಯಿಂದ ರಾತ್ರಿಯವರೆಗೆ ಹಲವು ಸಭಾಂಗಣಗಳಲ್ಲಿ ಏಕಕಾಲಕ್ಕೆ ಕಛೇರಿಗಳು. ಹೆಸರಾಂತ ಪ್ರೊಫೆಸರಿಗೂ ಇಪ್ಪತ್ತರ ವಿದ್ಯಾರ್ಥಿಗಳ ತಂಡಕ್ಕೂ ಬಹುಮಟ್ಟಿಗೆ ಒಂದೇ ಅಳತೆಯ ಸಮಯ, ಅದೂ ಅರ್ಧ ಗಂಟೆಯ ಆಸುಪಾಸು. ಸಂಜೆಯ ಮುಖ್ಯ ಕಛೇರಿಗಳಲ್ಲಿ ಮಾತ್ರ ಆರ್ಕೆಸ್ಟ್ರಾ ಜತೆಗೆ ಏಕವಾದಕರು. ಯಾರದ್ದೇ ಕಛೇರಿ ಕೇಳಿದರೂ ಅದೇ ಹೊತ್ತಿನ ಇನ್ನೆರಡು ತಪ್ಪುತ್ತವೆ. ನಮ್ಮ ಜಾತ್ರೆಗಳಲ್ಲಿ ರಥಬೀದಿಯಲ್ಲೊಂದು ವಾಲಗ, ಗದ್ದೆಯಲ್ಲೊಂದು ಯಕ್ಷಗಾನ ಒಟ್ಟಿಗೇ ಶುರುವಾದಂತೆ.

ಎರಡನೆಯ ಕಾಂಗ್ರೆಸ್ ನಡೆದದ್ದೂ ಶಿಕಾಗೋದಲ್ಲೇ, 1970ರ ಡಿಸೆಂಬರಿನಲ್ಲಿ. ನನ್ನ ಲೆಕ್ಕದಲ್ಲಿ ಈ ಸಂಸ್ಥೆಯ ಇಡೀ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಘಟನೆ ಇಲ್ಲ. ಸೈಬೀರಿಯಾದ ತೋಮ್ಸ್ಕ್‌ನಲ್ಲಿ ಹುಟ್ಟಿ, ಮೊದಲು ಗಣಿತ ಓದಿ ಆಮೇಲೆ ಸಂಗೀತಕ್ಕೆ ಬಂದ ಎಡಿಸನ್ ಡೆನಿಸೋವ್, ಆಲ್ಟೊ ಸ್ಯಾಕ್ಸೋಫೋನ್ ಮತ್ತು ಪಿಯಾನೊಗಾಗಿ ಒಂದು ಸೊನಾಟಾ ಬರೆದಿದ್ದ. ಸ್ಟಾಲಿನ್ ಕಾಲದಲ್ಲಿ ಸ್ಯಾಕ್ಸೋಫೋನನ್ನೇ ಸಂಶಯದಿಂದ ನೋಡಿದ ದೇಶ ಅವನದು. ಕೃತಿ ಬರೆದದ್ದು ಫ್ರಾನ್ಸಿನ ಜಾನ್-ಮರಿ ಲೋಂಡೆಕ್ಸ್‌ಗಾಗಿ. ಇವನೂ ಮ್ಯೂಲ್‌ನ ಶಿಷ್ಯನೇ. ಮಾಸ್ಕೋದ ಸಂಯೋಜಕ, ಬೋರ್ಡೊದ ವಾದಕ, ಶಿಕಾಗೋದ ವೇದಿಕೆ. ಆ ಸೊನಾಟಾವನ್ನು ಈ ಕಾಂಗ್ರೆಸ್‌ನಲ್ಲಿ ನುಡಿಸಿದಾಗ, ಶೀತಲ ಸಮರದ ದಿನಗಳಲ್ಲಿ ಇವು ಮೂರೂ ಕೂಡಿಬಂದವು.

ಸೊನಾಟಾದಲ್ಲಿ ಮೂರು ಭಾಗ. ಮೊದಲನೆಯದು ಮುಳ್ಳುಮುಳ್ಳು. ಸ್ವರಗಳು ಸ್ಥಾಯಿಯಿಂದ ಸ್ಥಾಯಿಗೆ ಹಾರುತ್ತವೆ, ಲಯ ಒಂದು ಲೆಕ್ಕದಲ್ಲಿ ನಿಲ್ಲುವುದೇ ಇಲ್ಲ. ಎರಡನೆಯದರಲ್ಲಿ ಬಹುಪಾಲು ಸ್ಯಾಕ್ಸೋಫೋನ್ ಒಂಟಿ. ಇಲ್ಲಿ ಎರಡು ಅಕ್ಕಪಕ್ಕದ ಸ್ವರಗಳ ನಡುವೆ ಸಿಗುವ ಕಾಲು ಸ್ವರಗಳು ಬರುತ್ತವೆ. ಒಂದೇ ಊದಿಗೆ ಎರಡು ಮೂರು ಸ್ವರ ಒಟ್ಟಿಗೆ ಬರುತ್ತವೆ. ವಾಡಿಕೆಯಲ್ಲಿಲ್ಲದ ರೀತಿಯಲ್ಲಿ ಕೀಲಿಗಳನ್ನು ಹಿಡಿದು, ತುಟಿಯ ಒತ್ತಡವನ್ನು ಕೂದಲೆಳೆಯಷ್ಟು ಬದಲಿಸಿದರೆ ಕೊಳವೆಯೊಳಗಿನ ಗಾಳಿ ಒಂದೇ ಕಂಪನದಲ್ಲಿ ನಿಲ್ಲದೆ ಒಡೆಯುತ್ತದೆ. ಆಗ ಕೇಳಿಸುವುದು ನಯವಾದ ನಾದವಲ್ಲ, ಬಿರುಕುಬಿಟ್ಟ ಗಂಟೆಯ ಮಾದರಿಯ ಗಡಸು ಸದ್ದು. ಮೂರನೆಯ ಭಾಗದಲ್ಲಿ ಜಾಝ್‌ನ ನಡೆ ಧುತ್ತೆಂದು ನುಗ್ಗುತ್ತದೆ, ಆದರೆ ಒಂದೊಂದು ಸ್ವರವೂ ಕಾಗದದ ಮೇಲೆ ಬರೆದಿಟ್ಟದ್ದು. ಹಳೆಯ ಆಸ್ತಿ ಇಲ್ಲದ ವಾದ್ಯಕ್ಕೆ ಒಂದು ಅನುಕೂಲವೂ ಉಂಟೆಂದು ಈ ಕೃತಿ ತೋರಿಸಿತು: ಹಿರಿಯರು ಹೀಗೆ ಬರೆದಿಲ್ಲವೆಂದು ತಡೆಯುವವರು ಇರಲಿಲ್ಲ. ಇವತ್ತು ಗಂಭೀರವಾಗಿ ಸ್ಯಾಕ್ಸೋಫೋನ್ ಓದುವ ಬಹುಪಾಲು ವಿದ್ಯಾರ್ಥಿಗಳು ಒಂದಲ್ಲ ಒಂದು ಹಂತದಲ್ಲಿ ಡೆನಿಸೋವ್‌ನನ್ನು ದಾಟಲೇಬೇಕು.

ಲೋಂಡೆಕ್ಸ್ ಇನ್ನೊಂದು ಕೆಲಸವನ್ನೂ ಮಾಡಿದ. ಸ್ಯಾಕ್ಸೋಫೋನಿಗಾಗಿ ಯಾರು ಯಾವಾಗ ಏನು ಬರೆದರೆಂಬ ಸೂಚಿಯನ್ನು 1971ರಲ್ಲಿ ಪುಸ್ತಕವಾಗಿ ತಂದು, ಮುಂದೆ ಅದನ್ನು ಹಿಗ್ಗಿಸುತ್ತಲೇ ಹೋದ. ಕೃತಿಗಳಿಲ್ಲ ಎಂಬ ಹಳೆಯ ದೂರಿಗೆ ಸಾವಿರಾರು ಹೆಸರುಗಳ ಉತ್ತರ ಅದು.

ಇನ್ನು ತಂಡಗಳ ಮಾತು. ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ನಾಲ್ಕು ಸೇರಿದರೆ ಕ್ವಾರ್ಟೆಟ್. ಸ್ಯಾಕ್ಸ್‌ನ ಗೆಳೆಯ ಸಿಂಜಲೇ 1857ರಲ್ಲೇ ಇಂಥದ್ದೊಂದನ್ನು ಬರೆದಿದ್ದ. ನಾಲ್ಕೂ ಒಂದೇ ವಂಶದ ವಾದ್ಯಗಳಾದ್ದರಿಂದ ನಾದ ಎಲ್ಲಿ ಬೆಸೆಯಿತೆಂದು ಕಿವಿಗೆ ಗೊತ್ತಾಗುವುದಿಲ್ಲ. ನಿರ್ದೇಶಕ ಇರುವುದಿಲ್ಲ. ಸೊಪ್ರಾನೊದವರು ವಾದ್ಯವನ್ನು ಒಂದಿಷ್ಟು ಮೇಲೆತ್ತಿ ಮೂಗಿನಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಅಷ್ಟೇ ಸನ್ನೆ. ಆ ಉಸಿರಿನ ವೇಗವೇ ಕೃತಿಯ ವೇಗ. ರಾಶರ್ 1969ರಲ್ಲಿ ಕಟ್ಟಿದ ಕ್ವಾರ್ಟೆಟ್‌ಗಾಗಿ ಕ್ಸೆನಾಕಿಸ್ ಬರೆದ. 1995ರಲ್ಲಿ ಫಿಲಿಪ್ ಗ್ಲಾಸ್ ಕಾನ್ಚೆರ್ಟೊವನ್ನೇ ಬರೆದ. ಅಮೆರಿಕದ ಪ್ರಿಸ್ಮ್, ಫ್ರಾನ್ಸಿನ ಹಬನೇರಾ, ಬ್ರಿಟನ್ನಿನ ಅಪೊಲೊ ಈ ಬಳಗದ ಕೇಳಲೇಬೇಕಾದ ಹೆಸರುಗಳು. ಹನ್ನೆರಡು ಜನರ ಮೇಳಗಳೂ ಇವೆ, ಹೆಗಲಿಗೆ ತಾಗುವಷ್ಟು ಎತ್ತರದ ಬಾಸ್ ಸ್ಯಾಕ್ಸೋಫೋನ್ ಸಮೇತ. ಅಂಥವು ಕೆಲವೊಮ್ಮೆ ಆರ್ಗನ್‌ನಂತೆ ಭವ್ಯ. ಕೆಲವೊಮ್ಮೆ, ಮುಚ್ಚುಮರೆಯೇಕೆ, ಅತಿ ಸಿಹಿಯಾಗಿ ಮುಖಕ್ಕೆ ಹೊಡೆಯುತ್ತವೆ. ಬಾಖ್‌ನ ಕೃತಿಗಳನ್ನು ಸ್ಯಾಕ್ಸೋಫೋನ್ ಗುಂಪಿಗೆ ಹೊಂದಿಸುವ ಉಮೇದು ಸ್ವಲ್ಪ ತಗ್ಗಿದರೆ ನಷ್ಟವೇನಿಲ್ಲ.

ಕಛೇರಿಗಳ ಪಕ್ಕದಲ್ಲೇ ವಾದ್ಯದ ಮಳಿಗೆಗಳು. ಪ್ಯಾರಿಸ್‌ನ ಸೆಲ್ಮರ್, ಜಪಾನಿನ ಯಮಾಹಾ, ಯಾನಾಗಿಸಾವಾ, ರೀಡ್ ಮಾಡುವ ವ್ಯಾಂಡೊರೆನ್ ಎಲ್ಲ ಅಂಗಡಿ ಹಾಕುತ್ತವೆ. ಹೊಸ ವಾದ್ಯ ಎತ್ತಿಕೊಂಡವರು ಪರೀಕ್ಷೆಗೆಂದು ತಮಗೆ ಗೊತ್ತಿರುವ ಅತಿ ಕಷ್ಟದ ಸಾಲನ್ನೇ ಊದುತ್ತಾರೆ. ಪಕ್ಕದವನು ಸುಮ್ಮನಿದ್ದಾನೆಯೇ? ಹತ್ತಿಪ್ಪತ್ತು ಜನ ಒಂದೇ ಸೂರಿನಡಿ ಹೀಗೆ ಊದಿದರೆ ಏನಾಗುತ್ತದೆಂದು ಓದುಗರೇ ಊಹಿಸಿಕೊಳ್ಳಬಹುದು.

ಈ ಮೇಳದ ದೌರ್ಬಲ್ಯವೂ ಅಲ್ಲೇ ಇದೆ. ನುಡಿಸುವವರೂ ಸ್ಯಾಕ್ಸೋಫೋನಿನವರು, ಕೇಳುವವರೂ ಸ್ಯಾಕ್ಸೋಫೋನಿನವರು. ಎದುರು ಕುಳಿತವರು ಬೆರಳಿನ ಚಳಕ ನೋಡುತ್ತಾರೆ, ಮೌತ್‌ಪೀಸ್ ಯಾವುದೆಂದು ಲೆಕ್ಕ ಹಾಕುತ್ತಾರೆ. ಹೊಸ ಕೃತಿಗಳು ಸಾಲುಸಾಲಾಗಿ ಮೊದಲ ಬಾರಿ ಕೇಳಿಸುತ್ತವೆ, ಎರಡನೆಯ ಬಾರಿ ಕೇಳಿಸುವುದು ಕೆಲವೇ. ಊರಿನ ಸಾಮಾನ್ಯ ಕೇಳುಗ ಒಳಗೆ ಬಂದು, ಬೇಸರವಾದರೆ ಎದ್ದುಹೋಗುವ ಪರೀಕ್ಷೆಗೆ ಈ ಸಂಗೀತ ಸಾಕಷ್ಟು ಒಡ್ಡಿಕೊಂಡಿಲ್ಲ. ಇದೇ ವಾದಕರು ತಮ್ಮ ತಮ್ಮ ಊರುಗಳಲ್ಲಿ ಹೊರಗಿನವರ ಮುಂದೆ ನುಡಿಸುವುದುಂಟು. ಮೇಳದಲ್ಲಿ ಮಾತ್ರ ಮನೆಯವರದೇ ಪಂಕ್ತಿ.

ಆ ಪರೀಕ್ಷೆಯನ್ನು ಬೇರೊಂದು ದಾರಿಯಲ್ಲಿ ಗೆದ್ದವರು ನಮ್ಮ ಕರಾವಳಿಯಲ್ಲಿದ್ದರು. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಿದ್ವಾಂಸರ ಮಗ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಅದರಲ್ಲಿ ಕರ್ನಾಟಕ ಸಂಗೀತ ನುಡಿಸುವ ಪಣ ತೊಟ್ಟರು. ಸುಲಭದ ಮಾತಲ್ಲ. ನಾಗಸ್ವರದಲ್ಲಿ ತೂತಿನ ಮೇಲೆ ಬೆರಳೇ ಇರುತ್ತದೆ; ಅರ್ಧ ಸರಿಸಿ ಸ್ವರವನ್ನು ಜಾರಿಸಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ತೂತಿಗೂ ನಡುವೆ ಕೀಲಿ, ಅದರಡಿಯಲ್ಲಿ ಮೆತ್ತೆ. ಕೀಲಿಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿಕೊಂಡು, ಉಳಿದದ್ದನ್ನು ತುಟಿಯಿಂದ ಸಾಧಿಸಿ ಅವರು ಗಮಕ ಹೊರಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ ನಡೆಸಿದರು. ಡೆನಿಸೋವ್ ಬರೆದಿಟ್ಟು ಕೇಳಿದ ಕಾಲು ಸ್ವರಗಳ ಊರಿನಲ್ಲಿ ಕದ್ರಿಯವರು ದಿನಾ ಓಡಾಡುತ್ತಿದ್ದರು, ಬರಹದ ಹಂಗಿಲ್ಲದೆ. ಕರ್ನಾಟಕ ಮೂಲದ ಭೌತವಿಜ್ಞಾನಿಯ ಮಗನಾದ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ, ಕದ್ರಿಯವರ ಜತೆ 2008ರಲ್ಲಿ ‘ಕಿನ್ಸ್‌ಮೆನ್’ ಆಲ್ಬಂ ತಂದರು. ಅದರಲ್ಲಿ ಎರಡು ಆಲ್ಟೊಗಳು ಒಂದನ್ನೊಂದು ಕೆಣಕುವುದನ್ನು ಕೇಳಬೇಕು.

ಶಾಸ್ತ್ರೀಯ ಸ್ಯಾಕ್ಸೋಫೋನಿನ ಪರಿಚಯವೇ ಇಲ್ಲದವರು ಗ್ಲಜುನೋವ್‌ನಿಂದ ಆರಂಭಿಸುವುದು ಲೇಸು. ಹಳೆಯ ರಷ್ಯದ ಧಾಟಿ, ಕಿವಿಗೆ ಕಷ್ಟವಿಲ್ಲ. ಆಮೇಲೆ ಇಬೇರ್‌ನ ನಿಧಾನದ ಭಾಗ. ಅದು ಹಿಡಿಸಿದರೆ ಜಪಾನಿನ ಯೋಶಿಮಾತ್ಸು 1991ರಲ್ಲಿ ನೊಬುಯಾ ಸುಗಾವಾಗಾಗಿ ಬರೆದ ‘ಫಝಿ ಬರ್ಡ್ ಸೊನಾಟಾ’. ಡೆನಿಸೋವ್‌ನನ್ನು ಕಡೆಗೆ ಇಟ್ಟುಕೊಳ್ಳಿ, ಎರಡು ಸಲ ಕೇಳಿ. ಮೊದಲ ಸಲ ಸಿಟ್ಟು ಬಂದರೂ ಬರಬಹುದು.