ಸಾವಿನ ಮಾತು, ಅಸಮ್ಮತಿಯ ಮಾತು: ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡದ ದಾರಿ

ಹೊಸೂರು, ಡೆಂಕಣಿಕೋಟೆ, ತಳಿ ಭಾಗದ ನಮ್ಮ ಮಕ್ಕಳು ಸಾವಿನ ಸುದ್ದಿಯನ್ನು ಮೂರು ಭಾಷೆಗಳಲ್ಲಿ ಕೇಳಿ ಬೆಳೆಯುತ್ತಾರೆ: ಕನ್ನಡದಲ್ಲಿ ‘ಕಾಲವಾದರು’, ತಮಿಳಿನಲ್ಲಿ ‘ಕಾಲಮಾನಾರ್’, ತೆಲುಗಿನಲ್ಲಿ ‘ಕಾಲಂ ಚೇಶಾರು’. ಹಿರಿಯರ ವಿಷಯದಲ್ಲಿ ‘ಗೊಟಕ್ ಎಂದ’ ಎನ್ನಬಾರದೆಂದು ಅವರಿಗೆ ಯಾರೂ ಪಾಠ ಹೇಳಿಕೊಟ್ಟಿಲ್ಲ. ಇಂಗ್ಲಿಷಿಗೆ ಬಂದಾಗ ಮಾತ್ರ ಈ ವಿವೇಚನೆ ಕೈಕೊಡುತ್ತದೆ. ಗೈಡುಗಳು ನುಡಿಗಟ್ಟಿನ ಮುಂದೆ ಅರ್ಥವನ್ನು ಬರೆಯುತ್ತವೆಯೇ ಹೊರತು ಮರ್ಯಾದೆಯ ಅಳತೆಯನ್ನಲ್ಲ.

‘ಕಿಕ್ ದ ಬಕೆಟ್’ ಎಂದರೆ ಸಾಯುವುದು, ನಿಜ. ಆದರೆ ಅಜ್ಜನ ಸಾವಿಗಾಗಿ ಬರೆಯುವ ರಜಾ ಅರ್ಜಿಯಲ್ಲಿ ಅದನ್ನು ಬಳಸಿದರೆ ‘ಅಜ್ಜ ಗೊಟಕ್ ಎಂದರು’ ಎಂದಂತೆಯೇ. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಈ ನುಡಿಯನ್ನು ದಾಖಲಿಸಿದ್ದು ಬೀದಿಮಾತುಗಳ ನಿಘಂಟಿನಲ್ಲಿ. ಇಂದಿಗೂ ಅದರ ಸ್ಥಾನ ಅಲ್ಲಿಯೇ. ಅರ್ಜಿಗೆ, ಸಾಂತ್ವನದ ಪತ್ರಕ್ಕೆ ‘ಪಾಸ್ಡ್ ಅವೇ’ ಸಾಕು. ನೇರವಾಗಿ ‘ಡೈಡ್’ ಎಂದರೂ ಅಗೌರವವಿಲ್ಲ. ನಮ್ಮ ಕಚೇರಿಗಳಲ್ಲಿ ಬಳಕೆಯಲ್ಲಿರುವ ‘ಎಕ್ಸ್‌ಪೈರ್ಡ್’ ಭಾರತದಲ್ಲಿ ನಡೆಯುತ್ತದೆ; ಹೊರದೇಶದ ಕಿವಿಗೆ ಅದು ಔಷಧಿಯ ಅವಧಿ ಮುಗಿದಂತೆ ಕೇಳಿಸುತ್ತದೆ.

ಅಸಮ್ಮತಿಯ ನುಡಿಗಟ್ಟುಗಳಲ್ಲಿ ಕನ್ನಡ ಇನ್ನೂ ಹತ್ತಿರದ ಗೆಳೆಯ. ‘ಟರ್ನ್ ಅಪ್ ಒನ್ಸ್ ನೋಸ್’ ನಮ್ಮ ‘ಮೂಗು ಮುರಿಯುವುದೇ’. ‘ಫ್ರೌನ್ ಅಪಾನ್’ ಎಂಬಲ್ಲಿ ಹುಬ್ಬು ಗಂಟಿಕ್ಕುತ್ತದೆ, ಆದರೆ ಬಹುಮಟ್ಟಿಗೆ ಒಬ್ಬರದಲ್ಲ, ಸಮಾಜದ್ದು. ‘ರೈಸ್ ಐಬ್ರೋಸ್’ ಎಂಬುದರಲ್ಲಿ ಎಚ್ಚರ ಬೇಕು: ಕನ್ನಡದಲ್ಲಿ ಮೆಚ್ಚುಗೆಯ ಬೆರಗಿಗೂ ಹುಬ್ಬೇರುತ್ತದೆ, ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಆಕ್ಷೇಪದ ವಾಸನೆಯಿರುತ್ತದೆ.

ಸಾವು ಮತ್ತು ಅಸಮ್ಮತಿ ಒಂದಾಗುವ ‘ಓವರ್ ಮೈ ಡೆಡ್ ಬಾಡಿ’ಯಲ್ಲಿ ಯಾರೂ ಸಾಯುವುದಿಲ್ಲ. ‘ನನ್ನ ಹೆಣ ಬಿದ್ದ ಮೇಲೆ’ ಎಂದು ಅಡ್ಡ ನಿಲ್ಲುವ ಅಜ್ಜಿಯ ಮಾತು ಕೇಳಿದ ಮಗುವಿಗೆ ಇದರ ವಿವರಣೆಯೇ ಬೇಡ. ಕನ್ನಡ ಮಾಧ್ಯಮದಲ್ಲಿ ಓದಿದರೆ ಇಂಗ್ಲಿಷ್ ಬಾರದೆಂದು ಮಕ್ಕಳನ್ನು ಶಾಲೆಯಿಂದ ಬಿಡಿಸುವ ಪೋಷಕರು ಇದನ್ನು ಗಮನಿಸಬೇಕೆಂದು ನನ್ನ ಕೋರಿಕೆ: ಮನೆಯ ಮಾತು ಇಲ್ಲಿ ಅಡ್ಡಿಯಲ್ಲ, ಅರ್ಧ ಪಾಠ.

ಕೊನೆಗೊಂದು ಚಿಕ್ಕ, ಆದರೆ ಅರ್ಜಿ ತುಂಬುವಾಗ ನಿತ್ಯ ಎದುರಾಗುವ ಪದ ‘ಲೇಟ್’. ತಂದೆಯ ಹೆಸರಿನ ಹಿಂದೆ ಬರೆದರೆ ‘ದಿವಂಗತ’; ‘ಮೈ ಫಾದರ್ ಈಸ್ ಲೇಟ್’ ಎಂದು ಬರೆದರೆ ಅವರು ಇನ್ನೂ ಬಸ್ಸಿನಲ್ಲಿದ್ದಾರೆ.