ಕಣ್ಣು ಹಳದಿಯಾದರೆ ಮೊದಲು ಕಾರಣ ಕೇಳಿ

ಪಶ್ಚಿಮಘಟ್ಟದಿಂದ ಇಳಿದು ಬರುವ ಘಟಪ್ರಭೆ ಹಿಡಕಲ್ ಜಲಾಶಯ ಸೇರುವ ಮುನ್ನ ಹಾದುಹೋಗುವ ಊರು ದಡ್ಡಿ. ಹುಕ್ಕೇರಿ ತಾಲ್ಲೂಕಿನ ಗಡಿ ಭಾಗವಿದು. ಇಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಇಲ್ಲಿಂದ ಕೆಳಗೆ ಗೋಕಾಕ, ಮೂಡಲಗಿಯ ತನಕ ನದಿ ದಂಡೆಯ ಊರುಗಳಲ್ಲಿ, ಮಳೆಗಾಲ ಹಿಂದೆ ಸರಿಯುವ ಹೊತ್ತಿಗೆ ಯಾವುದಾದರೊಂದು ಮನೆಯ ಕಟ್ಟೆಯ ಮೇಲೆ ಈ ಮಾತು ಬಂದೇ ಬರುತ್ತದೆ: “ಹುಡುಗನ ಕಣ್ಣ ನೋಡವಾ, ಹಳದಿ ಆಗ್ಯಾವ. ಕಾಮಣಿ ಆಗೈತಿ. ನಾಳೆ ಮುಂಜಾನೆ ಬರೇ ಹೊಟ್ಟಿಲೆ ಔಷಧ ಕುಡಿಸ್ಕೊಂಡ ಬಾ.”

ಆಮೇಲಿನದೆಲ್ಲ ಗೊತ್ತಿರುವ ದಾರಿ. ನೆಲನೆಲ್ಲಿಯ ರಸವೋ, ಹೆಸರು ಹೇಳದ ಇನ್ನಾವುದೋ ಬೇರಿನ ರಸವೋ ಮೂರು ದಿನ ಕುಡಿಸುತ್ತಾರೆ. ಎಣ್ಣೆ, ಖಾರ, ಉಪ್ಪು ಬಿಡಿಸಿ ಪಥ್ಯ ಹೇಳುತ್ತಾರೆ. ಕೆಲವರು ಮುಂಗೈಗೆ ಬರೆಯನ್ನೂ ಹಾಕಿಸಿಕೊಂಡು ಬರುತ್ತಾರೆ. ಒಂದು ತಿಂಗಳಲ್ಲಿ ಕಣ್ಣು ಬೆಳ್ಳಗಾಗುತ್ತದೆ, ಔಷಧ ಕೊಟ್ಟವರ ಹೆಸರು ಇನ್ನೊಂದು ಊರಿಗೆ ಹಬ್ಬುತ್ತದೆ.

ಇದರಲ್ಲಿ ಮೋಸವೇ ಇದೆ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಮತ್ತು ‘ಇ’ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ. ಔಷಧ ಕುಡಿದರೂ ವಾಸಿ, ಕುಡಿಯದಿದ್ದರೂ ವಾಸಿ. ತೊಂದರೆ ಇರುವುದು ಬೇರೆ ಕಾರಣದಿಂದ ಕಣ್ಣು ಹಳದಿಯಾದವರಿಗೆ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ಟಿ.ಬಿ. ಗುಳಿಗೆಯಿಂದ ಲಿವರ್ ಕೆಟ್ಟವರು, ಹೆಪಟೈಟಿಸ್ ‘ಬಿ’ ಇದ್ದೂ ಗೊತ್ತಿಲ್ಲದವರು, ವರ್ಷಗಟ್ಟಲೆ ಕುಡಿದವರು, ತುಂಬು ಗರ್ಭಿಣಿಯರು ಎಲ್ಲರೂ ಅದೇ ಸಾಲಿನಲ್ಲಿ ನಿಂತು ಅದೇ ರಸ ಕುಡಿಯುತ್ತಾರೆ. ಹೀಗೆ ಕಳೆದುಹೋಗುವ ವಾರಗಳು ಅವರಿಗೆ ಮತ್ತೆ ಸಿಗುವುದಿಲ್ಲ. ಕಣ್ಣಿನ ಹಳದಿ ರೋಗದ ಗುರುತು ಮಾತ್ರ. ಕಾರಣ ಗೊತ್ತಾಗುವ ಮೊದಲು ಚಿಕಿತ್ಸೆ ಶುರುವಾಗಬಾರದು.

ಹಳದಿ ಬರುವ ಬಗೆ

ನಮ್ಮ ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಸತ್ತ ಕಣದಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದಿಲ್ಲ. ಲಿವರ್ ಅದನ್ನು ಹಿಡಿದು, ಕರಗುವಂತೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದು ಇದರಿಂದಲೇ. ರಕ್ತದಲ್ಲಿ ಬಿಲಿರುಬಿನ್ ಸಾಮಾನ್ಯವಾಗಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಇರುತ್ತದೆ. ಎರಡೂವರೆ–ಮೂರು ದಾಟಿದರೆ ಕಣ್ಣಿನ ಬಿಳಿ ಭಾಗದಲ್ಲಿ ಕಾಣಿಸುತ್ತದೆ.

ಈ ದಾರಿಯಲ್ಲಿ ಮೂರು ಕಡೆ ತಡೆ ಬೀಳಬಹುದು. ರಕ್ತಕಣಗಳೇ ಅತಿಯಾಗಿ ಒಡೆದರೆ ಲಿವರ್‌ಗೆ ಕೆಲಸ ಮೀರುತ್ತದೆ. ಲಿವರ್ ಜೀವಕೋಶಗಳೇ ಗಾಯಗೊಂಡರೆ ಕೆಲಸ ನಿಲ್ಲುತ್ತದೆ. ಲಿವರ್ ಚೆನ್ನಾಗಿದ್ದೂ ಪಿತ್ತನಾಳ ಕಟ್ಟಿಕೊಂಡರೆ ಪಿತ್ತ ಹಿಂದಕ್ಕೆ ರಕ್ತ ಸೇರುತ್ತದೆ. ಮೂರನೆಯದರಲ್ಲಿ ಮಲ ಸುಣ್ಣದಂತೆ ಬೆಳ್ಳಗಾಗುತ್ತದೆ, ಮೈಯೆಲ್ಲ ತುರಿಕೆ ಹತ್ತುತ್ತದೆ. ಕಲ್ಲಾಗಲಿ, ಗಡ್ಡೆಯಾಗಲಿ ಎಲೆಯ ರಸಕ್ಕೆ ಕರಗುವುದಿಲ್ಲ. ಒಂದು ರಕ್ತ ಪರೀಕ್ಷೆ, ಒಂದು ಸೋನೋಗ್ರಾಫಿ ಮಾಡಿಸಿದರೆ ಈ ಮೂರರಲ್ಲಿ ಯಾವುದು ಎಂಬುದು ಬಹುಮಟ್ಟಿಗೆ ಅದೇ ದಿನ ತಿಳಿಯುತ್ತದೆ.

ಹೊಳೆ ಇಳಿದ ಮೇಲೆ ಬರುವ ರೋಗ

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕಿನ ಮನೆ, ಅಂಗಡಿಗಳಿಗೆ ನುಗ್ಗಿದ್ದನ್ನು ಈ ಭಾಗ ಮರೆತಿಲ್ಲ. ಹೊಳೆ ಏರಿದಾಗ ಶೌಚದ ಗುಂಡಿಯ ನೀರು, ಗಟಾರದ ನೀರು, ಬಾವಿಯ ನೀರು ಒಂದಾಗುತ್ತವೆ. ಹೆಪಟೈಟಿಸ್ ‘ಇ’ ವೈರಾಣುವಿಗೆ ಬೇಕಾದದ್ದು ಅಷ್ಟೇ. ಅದು ರೋಗಿಯ ಮಲದಿಂದ ನೀರಿಗೆ ಬಂದು, ನೀರಿನಿಂದ ಇನ್ನೊಬ್ಬರ ಹೊಟ್ಟೆ ಸೇರುತ್ತದೆ. ದೇಹ ಹೊಕ್ಕ ಮೇಲೆ ಎರಡರಿಂದ ಹತ್ತು ವಾರ ಅದು ಸುಳಿವು ಕೊಡುವುದಿಲ್ಲ. ಹೀಗಾಗಿ ಹೊಳೆ ಇಳಿದು, ನಳದ ನೀರು ತಿಳಿಯಾಗಿ, ಜನ ಮಹಾಪೂರ ಮರೆಯುತ್ತಿರುವಾಗ ಕಣ್ಣು ಹಳದಿಯಾಗುತ್ತದೆ. ನೀರಿಗೂ ಕಾಮಣಿಗೂ ಇರುವ ನಂಟು ಕಣ್ಣಿಗೆ ಬೀಳದಿರುವುದು ಈ ಅಂತರದಿಂದಲೇ.

ಈ ನಂಟಿಗೆ ದೊಡ್ಡ ಸಾಕ್ಷಿ ಸಿಕ್ಕಿದ್ದೂ ಭಾರತದಲ್ಲೇ. 1955–56ರಲ್ಲಿ ಪ್ರವಾಹದ ನಂತರ ಯಮುನೆಯ ಹರಿವು ಬದಲಾಗಿ, ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿತು. ಸುಮಾರು 29,000 ಜನರಿಗೆ ಕಾಮಾಲೆಯಾಯಿತು. ಅದನ್ನು ಬಹುಕಾಲ ಹೆಪಟೈಟಿಸ್ ‘ಎ’ ಎಂದೇ ತಿಳಿಯಲಾಗಿತ್ತು. ಇದು ಬೇರೆಯದೇ ವೈರಾಣುವಿನ ಕೆಲಸ ಎಂಬುದು ಸ್ಪಷ್ಟವಾಗತೊಡಗಿದ್ದು 1978ರಲ್ಲಿ ಕಾಶ್ಮೀರದಲ್ಲಿ ರೋಗ ಹಬ್ಬಿದ ಮೇಲೆ.

ಲಿವರ್ ಜೀವಕೋಶವನ್ನು ಕೊಲ್ಲುವುದು ಬಹುಪಾಲು ಈ ವೈರಾಣುಗಳೇ ಅಲ್ಲ. ಅವು ಒಳಗೆ ಸೇರಿಕೊಂಡ ಜೀವಕೋಶಗಳನ್ನು ಹುಡುಕಿ ನಾಶಮಾಡುವುದು ನಮ್ಮದೇ ರೋಗನಿರೋಧಕ ಪಡೆ. ಆರೋಗ್ಯವಂತರಲ್ಲಿ ಈ ಕಾಳಗ ಬೇಗ ಮುಗಿದು, ಉಳಿದ ಜೀವಕೋಶಗಳು ಬೆಳೆದು ಲಿವರ್ ಮೊದಲಿನಂತಾಗುತ್ತದೆ. ಗರ್ಭಿಣಿಯರ ಸಂಗತಿ ಬೇರೆ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ‘ಇ’ ತಗುಲಿದರೆ ನೂರಕ್ಕೆ 20ರಿಂದ 25ರಷ್ಟು ತಾಯಂದಿರು ಸಾಯಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಸುರಿಯ ಕಣ್ಣು ಹಳದಿಯಾದರೆ ನಾಟಿ ಔಷಧದ ಮಾತೇ ಬೇಡ. ಅದೇ ದಿನ ಹೆರಿಗೆ, ತುರ್ತು ಚಿಕಿತ್ಸೆ ಎರಡೂ ಇರುವ ದೊಡ್ಡ ದವಾಖಾನೆಗೆ ಕರೆದೊಯ್ಯಬೇಕು.

ಲಿವರ್ ತಾನೇ ಮಾಡುವ ವಿಷ

ಕರುಳು ಹೀರಿಕೊಂಡದ್ದರಲ್ಲಿ ಬಹುಪಾಲು ಮೊದಲು ಹೋಗುವುದು ಲಿವರ್‌ಗೆ. ಅದು ಪ್ರತಿಯೊಂದನ್ನೂ ಒಡೆದು, ಬದಲಿಸಿ, ಹೊರಹಾಕಲು ತಕ್ಕಂತೆ ಮಾಡುತ್ತದೆ. ಎಷ್ಟೋ ಸಲ ಹೀಗೆ ಒಡೆಯುವಾಗ ನಡುವೆ ಹುಟ್ಟುವ ವಸ್ತು ಮೂಲ ವಸ್ತುವಿಗಿಂತ ಹೆಚ್ಚು ವಿಷಕಾರಿ.

ಮದ್ಯವನ್ನೇ ನೋಡಿ. ಲಿವರ್ ಅದನ್ನು ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸುತ್ತದೆ, ಜೀವಕೋಶವನ್ನು ಸುಡುವುದು ಅದು. ಮೊದಲು ಲಿವರ್‌ನಲ್ಲಿ ಕೊಬ್ಬು ಸೇರುತ್ತದೆ. ಆ ಹಂತದಲ್ಲಿ ಕುಡಿತ ಬಿಟ್ಟರೆ ಕೆಲವೇ ವಾರಗಳಲ್ಲಿ ಕೊಬ್ಬು ಇಳಿಯುತ್ತದೆ. ಬಿಡದಿದ್ದರೆ ಉರಿಯೂತ ಹತ್ತುತ್ತದೆ. ಉರಿಯೂತ ನಿಲ್ಲದೆ ನಡೆದರೆ ಲಿವರ್‌ನೊಳಗಿನ ನಕ್ಷತ್ರಾಕಾರದ ಕೋಶಗಳು ಎಚ್ಚೆತ್ತು ನಾರು ನೇಯತೊಡಗುತ್ತವೆ. ಮೆತ್ತಗಿದ್ದ ಅಂಗ ಗಂಟುಗಂಟಾಗಿ ಬಿಗಿಯುತ್ತದೆ. ಇದೇ ಸಿರೋಸಿಸ್. ಕರುಳಿನಿಂದ ಬರುವ ರಕ್ತಕ್ಕೆ ದಾರಿ ಸಿಗದೆ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದು ರಕ್ತ ವಾಂತಿಯಾಗುತ್ತದೆ. ಇಷ್ಟಾಗುವ ತನಕ ನೋವು ಕಾಣಿಸದಿರುವುದರಿಂದಲೇ “ನನಗೇನೂ ಆಗಿಲ್ಲ” ಎಂಬ ಮಾತು ಇಷ್ಟು ವರ್ಷ ನಡೆಯುತ್ತದೆ.

ಒಂದು ಹನಿ ಮುಟ್ಟದವರ ಸೋನೋಗ್ರಾಫಿ ವರದಿಯಲ್ಲೂ ಈಗ ‘ಫ್ಯಾಟಿ ಲಿವರ್’ ಎಂದು ಬರೆದು ಬರುತ್ತದೆ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ಕುಂತಲ್ಲೇ ಕುಂತು ಮಾಡುವ ಕೆಲಸ ಇದರ ಬೇರು. ಇನ್ಸುಲಿನ್ ಮಾತು ದೇಹ ಕೇಳದಂತಾದಾಗ ಮಿಕ್ಕ ಸಕ್ಕರೆಯನ್ನು ಲಿವರ್ ಕೊಬ್ಬಾಗಿ ಕಟ್ಟಿಡುತ್ತದೆ. ಮುಂದಿನ ಹಾದಿ ಅದೇ: ಉರಿಯೂತ, ನಾರು, ಸಿರೋಸಿಸ್. ದೇಹತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿಸಿದರೆ ಈ ಉರಿಯೂತ ತಗ್ಗುತ್ತದೆ.

ಜ್ವರದ ಗುಳಿಗೆ ಪ್ಯಾರಾಸಿಟಮಾಲ್‌ನದೂ ಇದೇ ಕತೆ. ಅದರ ಸಣ್ಣ ಪಾಲನ್ನು ಲಿವರ್ ಒಂದು ಉಗ್ರ ವಸ್ತುವಾಗಿ ಬದಲಿಸಿ, ಕೂಡಲೇ ಗ್ಲುಟಥಯೋನ್ ಎಂಬ ತನ್ನ ರಕ್ಷಕ ವಸ್ತುವಿನಿಂದ ಅದನ್ನು ತಣಿಸುತ್ತದೆ. ಪ್ರಮಾಣ ಮೀರಿದರೆ ಗ್ಲುಟಥಯೋನ್ ತೀರಿ ಲಿವರ್ ಕೋಶಗಳು ಸಾಯುತ್ತವೆ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ. ಉಪವಾಸವಿದ್ದವರಿಗೆ, ದಿನಾ ಕುಡಿಯುವವರಿಗೆ ಅದಕ್ಕಿಂತ ಕಡಿಮೆಯೂ ಅಪಾಯ. ಇಡೀ ದಿನ ಕಬ್ಬು ಕಡಿದು ಮೈ ನೊಂದವರು ಮೈಕೈ ನೋವಿಗೆ ಒಂದು, ನೆಗಡಿಗೆ ಇನ್ನೊಂದು ಗುಳಿಗೆ ನುಂಗುವಾಗ ಎರಡರಲ್ಲೂ ಪ್ಯಾರಾಸಿಟಮಾಲ್ ಇರಬಹುದು ಎಂಬುದನ್ನು ಗುಳಿಗೆ ಕೊಡುವ ಅಂಗಡಿಯವರೇ ಹೇಳಬೇಕು.

ಔಷಧವೇ ಕಾರಣವಾದಾಗ

ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಡಾ. ಹರ್ಷದ್ ದೇವರಭಾವಿ ಮತ್ತು ಸಂಗಡಿಗರು, ಔಷಧದಿಂದ ಲಿವರ್ ಕೆಟ್ಟು ಬಂದ 313 ರೋಗಿಗಳ ವಿವರವನ್ನು 2010ರಲ್ಲಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 58 ಜನರಿಗೆ ಕಾರಣ ಟಿ.ಬಿ. ಔಷಧಗಳು. ಒಟ್ಟು ರೋಗಿಗಳಲ್ಲಿ ನೂರಕ್ಕೆ 17 ಜನ ತೀರಿಹೋದರು. ಮುಂದೆ ದೇಶದ ಹಲವು ಆಸ್ಪತ್ರೆಗಳು ಸೇರಿ 1,288 ರೋಗಿಗಳನ್ನು ದಾಖಲಿಸಿದಾಗಲೂ ಟಿ.ಬಿ. ಔಷಧಗಳೇ ಮೊದಲ ಸ್ಥಾನದಲ್ಲಿದ್ದವು. ನಾಟಿ, ಆಯುರ್ವೇದ ಮೊದಲಾದ ಪರ್ಯಾಯ ಔಷಧಗಳ ಪಾಲು ಸುಮಾರು ನೂರಕ್ಕೆ 14.

ಟಿ.ಬಿ. ಗುಳಿಗೆ ಬಿಡಬೇಕೆಂದು ಇದರರ್ಥವಲ್ಲ. ಆ ಗುಳಿಗೆ ಇಲ್ಲದೆ ಟಿ.ಬಿ. ವಾಸಿಯಾಗದು, ನುಂಗುವವರಲ್ಲಿ ಹೆಚ್ಚಿನವರಿಗೆ ಏನೂ ಆಗದು. ಆದರೆ ಗುಳಿಗೆ ಶುರುವಾದ ಮೇಲೆ ಊಟ ಸೇರದಿದ್ದರೆ, ವಾಂತಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಅವರು ಗುಳಿಗೆ ನಿಲ್ಲಿಸಿ, ಲಿವರ್ ಸುಧಾರಿಸಿದ ಮೇಲೆ ಒಂದೊಂದನ್ನಾಗಿ ಮತ್ತೆ ಆರಂಭಿಸುತ್ತಾರೆ. “ಕಾಮಣಿ ಆಗೈತಿ” ಎಂದುಕೊಂಡು ನಾಟಿ ಔಷಧ ಕುಡಿಯುತ್ತ, ಜೊತೆಗೆ ಟಿ.ಬಿ. ಗುಳಿಗೆಯನ್ನೂ ಮುಂದುವರಿಸಿದರೆ ಜೀವಕ್ಕೇ ಕುತ್ತು.

ಇನ್ನು ಅರಿಶಿನ. ಗೋಕಾಕ, ಮೂಡಲಗಿ ಕಡೆಯ ಹೊಲಗಳಲ್ಲಿ ಬೆಳೆದು ಸಾಂಗಲಿ ಪೇಟೆಗೆ ಹೋಗುವ ಬೆಳೆಯಿದು. ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನದಿಂದ ಭಯವಿಲ್ಲ, ಅದರಲ್ಲಿರುವ ಕರ್ಕ್ಯುಮಿನ್ ದೇಹಕ್ಕೆ ಇಳಿಯುವುದೇ ಕಡಿಮೆ. ಕಾಳುಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಕರ್ಕ್ಯುಮಿನ್ 20 ಪಟ್ಟು ಹೆಚ್ಚು ರಕ್ತ ಸೇರುತ್ತದೆ ಎಂದು 1998ರಲ್ಲಿ ತೋರಿಸಿದ್ದೂ ಸೇಂಟ್ ಜಾನ್ಸ್ ಕಾಲೇಜಿನ ಸಂಶೋಧಕರೇ. ಪೈಪರಿನ್ ಬೆರೆಸಿದ ಅರಿಶಿನದ ಗುಳಿಗೆಗಳು ಇಂದು ಎಲ್ಲೆಡೆ ಮಾರಾಟವಾಗುತ್ತಿವೆ. ಅಮೆರಿಕದ ಔಷಧಜನ್ಯ ಲಿವರ್ ಹಾನಿಯ ಅಧ್ಯಯನ ಜಾಲ 2022ರಲ್ಲಿ ಅರಿಶಿನದ ಗುಳಿಗೆ ನುಂಗಿ ಲಿವರ್ ಕೆಟ್ಟ ಹತ್ತು ಮಂದಿಯ ವಿವರ ಕೊಟ್ಟಿತು. ಒಬ್ಬರು ಸತ್ತರು. ಹತ್ತರಲ್ಲಿ ಏಳು ಜನರಲ್ಲಿ ಒಂದೇ ಬಗೆಯ ಅನುವಂಶಿಕ ಗುರುತಿತ್ತು. ಎಲ್ಲರಿಗೂ ಒಗ್ಗುವ ವಸ್ತು ಕೆಲವರಿಗೆ ಏಕೆ ವಿಷವಾಗುತ್ತದೆ ಎಂಬುದಕ್ಕೆ ಇದು ಸುಳಿವು. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುದಿಸಿ ಕುಡಿದ ಅಮೃತಬಳ್ಳಿಯಿಂದಲೂ ಲಿವರ್ ಹಾನಿಯಾದ ರೋಗಿಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಬಳ್ಳಿಯ ಗುಣ ಏನೇ ಇರಲಿ, ದಿನವೂ ತಿಂಗಳುಗಟ್ಟಲೆ ಕುಡಿಯುವುದು ಔಷಧ ಸೇವನೆಯೇ. ಅದನ್ನು ವೈದ್ಯರಿಗೆ ಹೇಳಲೇಬೇಕು.

ಪಿತ್ತಳೆ ಪಾತ್ರೆಯ ಪಾಠ

ಕಾರಣ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ದೊಡ್ಡ ಉದಾಹರಣೆಯಿದೆ. ಒಂದರಿಂದ ಮೂರು ವರ್ಷದ ಮಕ್ಕಳ ಹೊಟ್ಟೆ ಊದಿ, ಲಿವರ್ ಕಲ್ಲಿನಂತಾಗಿ, ಕೆಲವೇ ತಿಂಗಳಲ್ಲಿ ಸಾವು ಬರುತ್ತಿದ್ದ ರೋಗವೊಂದಿತ್ತು. ಭಾರತದಲ್ಲೇ ಹೆಚ್ಚಾಗಿ ಕಾಣುತ್ತಿದ್ದರಿಂದ ವೈದ್ಯ ಲೋಕ ಅದನ್ನು ಭಾರತೀಯ ಬಾಲ ಸಿರೋಸಿಸ್ ಎಂದೇ ಕರೆಯಿತು. ಸತ್ತ ಮಕ್ಕಳ ಲಿವರ್‌ನಲ್ಲಿ ತಾಮ್ರದ ಪ್ರಮಾಣ ವಿಪರೀತವಾಗಿತ್ತು. ಪುಣೆಯ ಆನಂದ ಪಂಡಿತ್, ಶೀಲಾ ಭಾವೆ, ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ ಮೊದಲಾದವರು ಆ ತಾಮ್ರದ ಮೂಲ ಹುಡುಕಿಕೊಂಡು ಮಕ್ಕಳ ಮನೆಯ ಅಡುಗೆಮನೆಗೆ ಹೋದರು. ಎದೆಹಾಲು ಬೇಗ ಬಿಡಿಸಿ, ಪಿತ್ತಳೆ ಪಾತ್ರೆಯಲ್ಲಿ ಕಾಸಿ ಇಟ್ಟ ಆಕಳು, ಎಮ್ಮೆಯ ಹಾಲನ್ನು ಕುಡಿಸಿದ್ದು ಕಂಡಿತು. ಹಾಲಿನ ಕೇಸೀನ್ ಪಾತ್ರೆಯ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ತಾಮ್ರವನ್ನು ಪಿತ್ತರಸದಲ್ಲಿ ಹೊರಹಾಕುವ ಶಕ್ತಿ ಹಸುಗೂಸಿನ ಲಿವರ್‌ಗೆ ಕಡಿಮೆ. ಕಲಾಯಿ ಇದ್ದಾಗ ತವರದ ಪದರು ಹಾಲನ್ನು ಕಾಯುತ್ತದೆ. ಅದು ಸವೆದ ಮೇಲೆ ಹಾಲಿಗೂ ಪಿತ್ತಳೆಗೂ ನಡುವೆ ತಡೆ ಇರುವುದಿಲ್ಲ.

1983ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಸಂಶೋಧನೆ ಬಂತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೂ 1900ರಿಂದ 1974ರ ನಡುವೆ ಹೀಗೆಯೇ 138 ಮಕ್ಕಳು ಸತ್ತಿದ್ದರು, ಅಲ್ಲಿಯೂ ಪುರಾವೆ ಕಲಾಯಿ ಇಲ್ಲದ ತಾಮ್ರದ ಪಾತ್ರೆಯ ಹಾಲಿನತ್ತಲೇ ಬೆರಳು ತೋರಿತು. ಸ್ಟೀಲ್ ಪಾತ್ರೆ ಮನೆಮನೆಗೆ ಬಂತು, ಎದೆಹಾಲಿನ ಮಹತ್ವ ತಿಳಿಯಿತು. 1990ರ ದಶಕದಲ್ಲಿ ಆ ರೋಗ ಬಹುತೇಕ ಕಣ್ಮರೆಯಾಯಿತು. ಲಿವರ್‌ಗೆಂದು ಅಷ್ಟು ವರ್ಷ ಮಕ್ಕಳಿಗೆ ಕುಡಿಸಿದ ಯಾವ ಔಷಧವೂ ಮಾಡದ ಕೆಲಸವನ್ನು ಪಾತ್ರೆ ಬದಲಿಸಿದ್ದು ಮಾಡಿತು.

ಈಗ ಆಗಬೇಕಾದದ್ದು

ದಡ್ಡಿಯಂಥ ಊರಿಗೆ ಬೇಕಾದದ್ದು ಕೈಗೆಟುಕದ ಚಿಕಿತ್ಸೆಯೇನಲ್ಲ. ಕಣ್ಣು ಹಳದಿಯಾದ ಪ್ರತಿಯೊಬ್ಬರಿಗೂ ಸರ್ಕಾರಿ ದವಾಖಾನೆಯಲ್ಲಿ ಲಿವರ್ ಪರೀಕ್ಷೆ ಆಗಬೇಕು, ಹೆಪಟೈಟಿಸ್ ‘ಬಿ’, ‘ಸಿ’ ತಪಾಸಣೆ ಆಗಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ತಪಾಸಣೆಯೂ ಔಷಧವೂ ಉಚಿತ. ಹೆಪಟೈಟಿಸ್ ‘ಸಿ’ ಈಗ ಸಾಮಾನ್ಯವಾಗಿ 12 ವಾರದ ಗುಳಿಗೆಗೆ ವಾಸಿಯಾಗುತ್ತದೆ. ಹುಟ್ಟಿದ 24 ಗಂಟೆಯೊಳಗೆ ಕೂಸಿಗೆ ಹೆಪಟೈಟಿಸ್ ‘ಬಿ’ ಲಸಿಕೆ ಬಿದ್ದರೆ ತಾಯಿಯಿಂದ ಬರುವ ಸೋಂಕನ್ನೂ ಬಹುಮಟ್ಟಿಗೆ ತಡೆಯಬಹುದು. ಸೂಜಿ, ಸಲಾಯಿನ್ ಹಾಕಿಸಿಕೊಳ್ಳುವಾಗ ಸೂಜಿಯ ಪೊಟ್ಟಣ ನಮ್ಮೆದುರೇ ಒಡೆಯಲಿ ಎಂದು ಕೇಳುವುದು ನಮ್ಮ ಹಕ್ಕು. ಮಹಾಪೂರ ಇಳಿದ ಮೇಲೆ ಎರಡು ತಿಂಗಳಾದರೂ ನೀರು ಕುದಿಸಿ ಕುಡಿಯಬೇಕು. ಒಂದೇ ಓಣಿಯಲ್ಲಿ ಇಬ್ಬರಿಗೆ ಕಾಮಣಿಯಾದರೆ ಆಶಾ ಕಾರ್ಯಕರ್ತೆ ಪಂಚಾಯಿತಿಗೆ ತಿಳಿಸಿ ಪೈಪು ತೋಡಿಸಿ ನೋಡಬೇಕು.

ನಾಟಿ ಔಷಧ ಕೊಡುವ ಹಿರಿಯರಲ್ಲೂ ಒಂದು ಕೋರಿಕೆ. ನಿಮ್ಮ ಬಾಗಿಲಿಗೆ ಬಂದ ಬಸುರಿಯನ್ನು, ಮಂಪರಿನಲ್ಲಿ ತೊದಲುವವರನ್ನು, ಮಲ ಬೆಳ್ಳಗಾದವರನ್ನು, ಟಿ.ಬಿ. ಗುಳಿಗೆ ನುಂಗುವವರನ್ನು ಔಷಧ ಕೊಡದೆ ದವಾಖಾನೆಗೆ ಕಳಿಸಿ. ನಿಮ್ಮ ಮಾತಿಗೆ ಊರಿನಲ್ಲಿ ಬೆಲೆಯಿದೆ. ಬೆಳಗಾವಿಯಲ್ಲೇ ಪಾರಂಪರಿಕ ವೈದ್ಯದ ರಾಷ್ಟ್ರೀಯ ಸಂಶೋಧನಾ ಸಂಸ್ಥೆಯಿದೆ. ನಿಮ್ಮ ಬೇರಿನಲ್ಲಿ ನಿಜವಾಗಿ ಗುಣವಿದ್ದರೆ ಅದನ್ನು ಪರೀಕ್ಷಿಸಿ ಎಲ್ಲರಿಗೂ ಸಿಗುವಂತೆ ಮಾಡಲು ಅದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ.