ಗೆದ್ದಲು ಮುಟ್ಟದ ಹಲಗೆ, ಮನೆಮಂದಿ ತಿನ್ನುವ ಸೊಪ್ಪು

ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಎದ್ದು ನಿಂತು, ಗೃಹಪ್ರವೇಶದ ಚಪ್ಪರವನ್ನೂ ಬಿಚ್ಚಿದ ಮೇಲೆ ಮನೆಯಾಕೆಯ ಕಣ್ಣು ಬೀಳುವುದು ಹಿತ್ತಿಲಲ್ಲಿ ಉಳಿದ ನಾಲ್ಕು ಹೆಜ್ಜೆ ಜಾಗದ ಮೇಲೆ. ಒಂದಿಷ್ಟು ಮೆಂತ್ಯ, ಕೊತ್ತಂಬರಿ, ಎರಡು ಬದನೆ ಗಿಡ ಎಂದುಕೊಂಡು ಗುದ್ದಲಿ ಹಾಕಿದರೆ ಖಣಿಲ್ ಎಂಬ ಸದ್ದು. ಸಿಕ್ಕುವುದು ಮಣ್ಣಲ್ಲ, ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಗಾರೆ. ಅಲ್ಲಿ ಬಿತ್ತಿದ್ದು ಮೊಳೆತರೂ ಎಲೆ ಹಳದಿಗೆ ತಿರುಗುತ್ತದೆ. ಸಿಮೆಂಟಿನಲ್ಲಿರುವ ಸುಣ್ಣದಿಂದ ನೆಲ ಕ್ಷಾರವಾಗಿ, ಮಣ್ಣಿನಲ್ಲಿರುವ ಕಬ್ಬಿಣದ ಅಂಶವೂ ಬೇರಿಗೆ ದಕ್ಕುವುದಿಲ್ಲ.

ಕೆಳಗೆ ಅಗೆಯಲಾಗದಿದ್ದರೆ ಮೇಲಕ್ಕೆ ಏರಿಸಬೇಕು. ಇದೇನೂ ಹೊಸ ವಿದ್ಯೆಯಲ್ಲ. ಮಲೆನಾಡಿನ ರೈತ ಮಳೆಗಾಲಕ್ಕೆ ಮುಂಚೆ ಶುಂಠಿಗೆ ಏರುಮಡಿ ಮಾಡುವುದು ಗಡ್ಡೆ ನೀರು ನಿಂತು ಕೊಳೆಯಬಾರದೆಂದು. ಆ ಮಡಿ ಕುಸಿಯದಂತೆ ಸುತ್ತ ನಾಲ್ಕು ಹಲಗೆ ನಿಲ್ಲಿಸಿದರೆ ಹಿತ್ತಿಲಿನ ಪೆಟ್ಟಿಗೆ ಮಡಿ ಸಿದ್ಧ. ತಳ ಬೇಡ. ಅಗಲ ನಾಲ್ಕು ಅಡಿ ಮೀರಬಾರದು. ಆಗ ಎರಡೂ ಬದಿಯಿಂದ ಕೈ ನಡುವಿನವರೆಗೆ ತಲುಪುತ್ತದೆ, ಮಣ್ಣು ತುಳಿಯುವ ಪ್ರಸಂಗ ಬರುವುದಿಲ್ಲ. ಗೋಡೆಗೆ ಒತ್ತಿಕೊಂಡಿದ್ದರೆ ಎರಡೇ ಅಡಿ ಸಾಕು. ಎತ್ತರ ಒಂದು ಅಡಿ. ಮಂಡಿನೋವಿನ ಹಿರಿಯರಿಗೆ ಎರಡು ಅಡಿ ಮಾಡಿ, ಅಂಚಿಗೊಂದು ಅಗಲದ ಹಲಗೆ ಬಡಿದರೆ ಕೂತುಕೊಂಡೇ ಕಳೆ ಕೀಳಬಹುದು. ಅರ್ಧದಷ್ಟು ಕೆಮ್ಮಣ್ಣು, ಉಳಿದರ್ಧಕ್ಕೆ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿ ತುಂಬಿದರಾಯಿತು.

ಇಲ್ಲಿಯವರೆಗೆ ಎಲ್ಲ ಸುಲಭ. ಕಷ್ಟವಿರುವುದು ಹಲಗೆಯಲ್ಲಿ.

ಚಳಿದೇಶದ ಪುಸ್ತಕಗಳು ‘ಯಾವುದಾದರೂ ಅಗ್ಗದ ಮರ ಸಾಕು, ತಳಕ್ಕೆ ರಟ್ಟು ಹಾಸಿ’ ಎನ್ನುತ್ತವೆ. ನಮ್ಮ ನೆಲದಲ್ಲಿ ರಟ್ಟು ಹಾಸುವುದೆಂದರೆ ಗೆದ್ದಲಿಗೆ ಎಲೆ ಹಾಕಿ ಊಟಕ್ಕೆ ಕರೆದಂತೆ. ಸಿಲ್ವರ್ ಓಕ್, ಮಾವಿನ ಹಲಗೆಗಳು ಒದ್ದೆ ಮಣ್ಣಿನ ಪಕ್ಕದಲ್ಲಿ ಹೆಚ್ಚು ದಿನ ಬಾಳುವುದಿಲ್ಲ. ಹೀಗೆ ಒಮ್ಮೆ ಕೈಸುಟ್ಟುಕೊಂಡವರು ಮುಂದಿನ ಸಲ ‘ಗೆದ್ದಲು ಮುಟ್ಟದ ಹಲಗೆ’ ಹುಡುಕಿಕೊಂಡು ಹೊರಡುತ್ತಾರೆ. ಅಪಾಯ ಶುರುವಾಗುವುದು ಅಲ್ಲಿಂದ.

ಗೆದ್ದಲಿಗೆ ಮದ್ದು ಕಂಡುಹಿಡಿದವರಲ್ಲಿ ಭಾರತೀಯರೂ ಇದ್ದಾರೆ. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೋಂತಿ ಕಾಮೇಶಂ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಲವಣಗಳ ದ್ರಾವಣವೊಂದನ್ನು ರೂಪಿಸಿದರು. ಒತ್ತಡದಲ್ಲಿ ಇದನ್ನು ಕುಡಿಸಿದ ಸಾಧಾರಣ ಮರವೂ ದಶಕಗಳ ಕಾಲ ಬಾಳುತ್ತದೆ. ಕಂಬಗಳಿಗೆ, ಸೇತುವೆಗಳಿಗೆ ಅದು ವರದಾನವೇ ಆಯಿತು; ಜಗತ್ತೆಲ್ಲ ಬಳಸಿತು. ಅಮೆರಿಕದಲ್ಲಿ ಮನೆಯ ಜಗಲಿ, ಮಕ್ಕಳ ಆಟದ ಚೌಕಟ್ಟು, ತರಕಾರಿ ಮಡಿಗೂ ಹಸಿರು ಛಾಯೆಯ ಈ ಹಲಗೆಯೇ ಬಂತು. ಆದರೆ ಆರ್ಸೆನಿಕ್ ಎಂದರೆ ಹಿಂದಿನವರು ಪಾಷಾಣವೆಂದು ಹೆದರುತ್ತಿದ್ದ ವಿಷದ ಮೂಲವಸ್ತು. ಮಳೆನೀರಿನೊಡನೆ ಅದು ಸ್ವಲ್ಪ ಸ್ವಲ್ಪವೇ ಇಳಿದು ಹಲಗೆಯ ಬುಡದ ಮಣ್ಣು ಸೇರುವುದು ಪರೀಕ್ಷೆಗಳಲ್ಲಿ ಕಂಡುಬಂತು. 2003ರ ಕೊನೆಗೆ ಅಲ್ಲಿನ ತಯಾರಕರು ಮನೆಬಳಕೆಯ ಬಹುಪಾಲು ಮರಕ್ಕೆ ಅದನ್ನು ಹಾಕುವುದನ್ನು ನಿಲ್ಲಿಸಿದರು. ಒಂದು ಹಿಡಿ ಸೊಪ್ಪು ತಿಂದ ಕೂಡಲೇ ಯಾರೂ ಕಾಯಿಲೆ ಬೀಳುವುದಿಲ್ಲ, ನಿಜ. ಗಿಡ ಹೀರುವುದೂ ಅಲ್ಪ. ಆದರೆ ಮೂಲಂಗಿ, ಕ್ಯಾರೆಟ್‌ನಂಥ ಗಡ್ಡೆಗಳಿಗೆ ಅಂಟುವ ಮಣ್ಣೂ ಅದೇ, ಮಗು ಕೈಯಾಡಿಸಿ ಬಾಯಿಗಿಡುವ ಮಣ್ಣೂ ಅದೇ. ಕಂಬಕ್ಕೆ ಸರಿಯಾದದ್ದು ಊಟದ ತಟ್ಟೆಯ ಪಕ್ಕಕ್ಕೆ ಸರಿಯಾಗಬೇಕಿಲ್ಲ.

ಇದಕ್ಕಿಂತ ಹತ್ತಿರದ ಅಪಾಯಗಳೂ ಇವೆ. ಗೆದ್ದಲಿಗೆಂದು ಗ್ಯಾರೇಜಿನಿಂದ ತಂದು ಬಳಿಯುವ ಹಳೆ ಎಂಜಿನ್ ಆಯಿಲ್‌ನಲ್ಲಿ ಲೋಹದ ಅಂಶಗಳಿರುತ್ತವೆ. ಹಳೆಯ ರೈಲ್ವೆ ಸ್ಲೀಪರುಗಳು ಕ್ರಿಯೋಸೋಟ್ ಎಂಬ ಡಾಂಬರಿನ ಎಣ್ಣೆ ಕುಡಿದಿರುತ್ತವೆ. ಅವಕ್ಕೆ ದರ ಎಷ್ಟೇ ಕಡಿಮೆಯಿದ್ದರೂ ಮೋಹ ಬೇಡ. ಹಳೆ ಬಾಗಿಲು ಕಿಟಕಿ ಮಾರುವ ಅಂಗಡಿಯ ತೇಗ ಒಳ್ಳೆಯದೇ, ಬಣ್ಣ ಬಳಿದಿರದಿದ್ದರೆ ಮಾತ್ರ. ಗೃಹಬಳಕೆಯ ಬಣ್ಣದಲ್ಲಿ ಸೀಸಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಡಿಗೆ ಉದುರುವುದು ಬೇಡ. ಸರಕು ಸಾಗಿಸುವ ಪ್ಯಾಲೆಟ್ ಒಡೆದು ಹಲಗೆ ಮಾಡುವವರು ಅದರ ಮೇಲಿನ ಮುದ್ರೆ ನೋಡಬೇಕು. ‘ಎಚ್‌ಟಿ’ ಎಂದಿದ್ದರೆ ಬಿಸಿಯಲ್ಲಿ ಸಂಸ್ಕರಿಸಿದ್ದು. ‘ಎಂಬಿ’ ಎಂದಿದ್ದರೆ ಮಿಥೈಲ್ ಬ್ರೋಮೈಡ್ ಅನಿಲ ಹಾಯಿಸಿದ್ದು, ಅದನ್ನು ಬಿಟ್ಟುಬಿಡುವುದೇ ಲೇಸು.

ಹಾಗಾದರೆ ಯಾವುದು? ತೇಗ, ಹೊನ್ನೆ, ಹಲಸು. ಅದರಲ್ಲೂ ಕೆಚ್ಚಿನ ಭಾಗ. ಸುತ್ತಲಿನ ಬಿಳಿ ಭಾಗ ಯಾವ ಮರದ್ದಾದರೂ ಗೆದ್ದಲಿಗೆ ಪ್ರಿಯ. ಹೊಸ ತೇಗ ಕೊಂಡು ಮೆಂತ್ಯ ಬೆಳೆಯುವುದು ದುಬಾರಿ ಶೋಕಿ. ಸಾ ಮಿಲ್ಲಿನ ತುಂಡು, ಕಿತ್ತ ಮನೆಯ ತೊಲೆ ಸಾಕು. ಮಲೆನಾಡು, ಕರಾವಳಿಯವರಿಗೆ ಅಡಿಕೆ ದಬ್ಬೆ ಮನೆಯಲ್ಲೇ ಉಂಟು. ಬೇಗ ಲಡ್ಡಾದರೂ ಬದಲಿಸಲು ಕಾಸು ಖರ್ಚಿಲ್ಲ. ಏನೇ ಆಗಲಿ, ಹಲಗೆಯನ್ನು ನೇರ ನೆಲಕ್ಕೆ ತಾಗಿಸದೆ ಇಟ್ಟಿಗೆ ಸಾಲಿನ ಮೇಲೆ ಕೂರಿಸಿದರೆ ಗೆದ್ದಲಿನ ಮಣ್ಣಿನ ದಾರಿ ಹೊರಗೇ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಪೊರಕೆಯಿಂದ ಕೆಡವಿದರೆ ಸಾಕು.

ತಾರಸಿಗೆ ಇದನ್ನೇ ಏರಿಸುವ ಆಸೆಯುಳ್ಳವರು ಮೊದಲು ಲೆಕ್ಕ ಹಾಕಲಿ. ಓಡಾಡುವ ತಾರಸಿಗೆ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಹೊರೆ ಚದರ ಮೀಟರಿಗೆ 150 ಕಿಲೊ. ಒಂದು ಅಡಿ ಒದ್ದೆ ಮಣ್ಣು ಅದೇ ಜಾಗದಲ್ಲಿ ಸುಮಾರು 500 ಕಿಲೊ ತೂಗುತ್ತದೆ. ಎಂಟಕ್ಕೆ ನಾಲ್ಕಡಿಯ ಒಂದು ಮಡಿಯೆಂದರೆ ಒಂದೂವರೆ ಟನ್ನು!

ಹಲಗೆ ಕೂಡಿಸಲು ಮೊಳೆಗಿಂತ ಸ್ಕ್ರೂ ಮೇಲು. ಕೊಳೆತದ್ದು ಒಂದೇ ಬದಿಯಾದರೆ ಅದೊಂದನ್ನೇ ಬಿಚ್ಚಿ ಬೇರೆ ಹಾಕಬಹುದು. ಒಳಗಿನ ಬದನೆ ಗಿಡಕ್ಕೆ ಸುದ್ದಿಯೂ ತಿಳಿಯುವುದಿಲ್ಲ.